ಹುಣಸೆ ದಿಮ್ಮಿಯ ವಯಸ್ಸು ತಿಳಿಯೋದು ಹೇಗೆ? ಜೊತೆಗೆ ಇನ್ನೊಂದು ತಲೆಹರಟೆ ಪ್ರಶ್ನೆ

ಸಾಮಿಲ್ ಸಿದ್ದಣ್ಣ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಸಣ್ಣದೊಂದು ಸಾಮಿಲ್ ಇಟ್ಟುಕೊಂಡಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೇವು, ಜಾಲಿ, ಹುಣಸೆ, ಒಮ್ಮೊಮ್ಮೆ ತೇಗ. ಮರ ಕೊಯ್ದು ಹೊಟ್ಟೆ ಹೊರೆಯುವವನು ಹಳೆ ಮರದ ಬಗ್ಗೆ ಕೇಳುತ್ತಿದ್ದಾನಲ್ಲ ಅಂತ ನಗಬೇಡಿ.

ಹೋದ ತಿಂಗಳು ಸಿರುಗುಪ್ಪ ಕಡೆಯಿಂದ ಒಂದು ಹುಣಸೆ ದಿಮ್ಮಿ ಬಂತು. ರಸ್ತೆ ಅಗಲ ಮಾಡುವಾಗ ಕಡಿದದ್ದು. ಹರಾಜಿನಲ್ಲಿ ಹಿಡಿದವರು ನನಗೆ ಮಾರಿದರು. ಬುಡಕ್ಕೆ ಟೇಪ್ ಸುತ್ತಿ ನೋಡಿದೆ, 13.5 ಅಡಿ. ಲಾರಿ ಜೊತೆ ಬಂದ ಹುಡುಗ, "ಅಣ್ಣ, ಮುನ್ನೂರು ವರ್ಷದ ಗಿಡ ಐತಿ ಇದು. ನಮ್ಮ ತಾತನ ತಾತನೂ ಇಷ್ಟೇ ದಪ್ಪ ನೋಡಿದ್ದನಂತ" ಅಂದ. (ಬೆಂಗಳೂರಿನವರಿಗೆ ಒಂದು ಮಾತು. ನಮ್ಮ ಕಡೆ ಮುಗಿಲು ಮುಟ್ಟುವ ಮರವಾದರೂ ಬಾಯಲ್ಲಿ ಬರೋದು ಗಿಡ ಅಂತಲೇ.)

ಮುನ್ನೂರು ಅಂದ ಮೇಲೆ ಎಣಿಸಿ ನೋಡೋಣ ಅನಿಸಿತು. ಚೈನ್ ಸಾದಲ್ಲಿ ಬುಡದ ಮುಖ ಚೊಕ್ಕ ಮಾಡಿದೆ. ಗ್ರೈಂಡರ್‌ಗೆ ಪಾಲಿಷ್ ಪೇಪರ್ ಹಾಕಿ ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಣ್ಣ ಎದ್ದಿತು ನೋಡಿ! ಸುತ್ತ ಹಳದಿ, ನಡುವೆ ನೇರಳೆ ಹಣ್ಣಿನ ಕಪ್ಪು. ಆದರೆ ಗೆರೆ? ಒಂದು ಕಡೆ ಹತ್ತು ಗೆರೆ ಇದ್ದದ್ದು ಪಕ್ಕಕ್ಕೆ ಹೋದರೆ ಆರಾಗುತ್ತದೆ. ಮೊದಲ ಸಲ ಎಣಿಸಿದಾಗ 112. ಎರಡನೇ ಸಲ 160. ಮೂರನೇ ಸಲ ಅರ್ಧಕ್ಕೇ ಬಿಟ್ಟು ಚಹಾ ಕುಡಿಯಲು ಹೋದೆ. ತೇಗದಲ್ಲಿ ಹೀಗಾಗುವುದಿಲ್ಲ, ನಾನು ಎಷ್ಟೋ ಸಲ ಎಣಿಸಿದ್ದೇನೆ.

ಇನ್ನೊಂದು ಪ್ರಶ್ನೆ. ಅವತ್ತು ರಾತ್ರಿ ಫೋನಿನಲ್ಲಿ ಹುಡುಕುತ್ತಾ ಹೋದಾಗ ಅಮೆರಿಕದ ಒಂದು ಮರ ಸಿಕ್ಕಿತು. ಮೆಥೂಸೆಲಾ ಅಂತ ಹೆಸರು, 4,800 ವರ್ಷ ದಾಟಿದೆಯಂತೆ, ಇನ್ನೂ ಬದುಕಿದೆ. ರಾತ್ರಿ ಒಂದು ಗಂಟೆಯವರೆಗೆ ಅದನ್ನೇ ನೋಡುತ್ತಾ ಕೂತಿದ್ದೆ. ಮನೆಯವಳು ಬೈದು ಲೈಟ್ ಆರಿಸಿದಳು. ನನ್ನ ಗೊಂದಲ ಇಷ್ಟೇ. ನಮ್ಮ ಬಳ್ಳಾರಿ ಗುಡ್ಡದ ಬಂಡೆಗೆ ಕೋಟಿಗಟ್ಟಲೆ ವರ್ಷ. ದಿನಾ ಅದರ ಕೆಳಗೇ ಓಡಾಡುತ್ತೇನೆ, ಏನೂ ಅನಿಸಲ್ಲ. ಐದು ಸಾವಿರ ವರ್ಷದ ಮರ ಅಂದ ಕೂಡಲೇ ಯಾಕೆ ಎದೆ ಹೀಗೆ ಆಗುತ್ತದೆ? ನಿಮಗೂ ಹೀಗೇನಾ, ಅಥವಾ ನನಗೊಬ್ಬನಿಗೇ ಹುಚ್ಚಾ?

ಮಸ್ಕಿ ಮೇಷ್ಟ್ರು

ಸಿದ್ದಣ್ಣನವರೇ, ನಿಮ್ಮ ಹುಚ್ಚು ಬಹಳ ಜನಕ್ಕೆ ಇದೆ. ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು, ಸ್ವಲ್ಪ ಉದ್ದ ಆದರೆ ಬೇಜಾರಾಗಬೇಡಿ.

ಮೊದಲು ಗೆರೆಯ ವಿಷಯ. ಚಳಿ ದೇಶದಲ್ಲಿ ಚಳಿಗಾಲ ಬಂತು ಅಂದರೆ ಮರ ಬೆಳೆಯುವುದನ್ನು ಪೂರ್ತಿ ನಿಲ್ಲಿಸುತ್ತದೆ. ಬೆಳೆಯಲು ಶುರು ಮಾಡಿದಾಗ ದೊಡ್ಡ ಕೋಶ, ನಿಲ್ಲಿಸುವ ಹೊತ್ತಿಗೆ ಸಣ್ಣ, ಗಟ್ಟಿ ಕೋಶ. ಇವೆರಡರ ನಡುವಿನ ಗೆರೆಯೇ ವರ್ಷದ ಗುರುತು. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಆದರೂ ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತು, ಮಳೆ ಬಿದ್ದ ಮೇಲೆ ಮತ್ತೆ ಶುರು ಮಾಡುತ್ತದೆ. ಅದಕ್ಕೇ ಅದರಲ್ಲಿ ಕಣ್ಣಿಗೆ ಕಾಣುವ ತೂತುಗಳ ಸಾಲು ವರ್ಷಕ್ಕೊಂದು ಸಿಗುತ್ತದೆ. ಹುಣಸೆ ಹಾಗೆ ಪೂರ್ತಿ ಬೋಳಾಗುವುದು ಕಡಿಮೆ. ಅಕಾಲದಲ್ಲಿ ಒಂದು ಒಳ್ಳೆ ಮಳೆ ಬಿದ್ದರೂ ಚಿಗುರುತ್ತದೆ. ಹಾಗಾಗಿ ನಿಮ್ಮ 112 ತಪ್ಪಲ್ಲ, 160 ಸರಿಯೂ ಅಲ್ಲ. ದೇವನಹಳ್ಳಿ ಹತ್ತಿರ ನಲ್ಲೂರಿನಲ್ಲಿ ಹುಣಸೆ ತೋಪು ಇದೆಯಲ್ಲ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಆಯಿತು, ಅಲ್ಲಿನ ಒಂದು ಮರಕ್ಕೆ ನಾನೂರು ವರ್ಷ ಅಂತ ಹೇಳಿದ್ದು ಗೆರೆ ಎಣಿಸಿ ಅಲ್ಲ, ಕಾರ್ಬನ್ ಪರೀಕ್ಷೆ ಮಾಡಿ, ಅಂದರೆ ಕಟ್ಟಿಗೆಯಲ್ಲಿ ಉಳಿದಿರುವ ಒಂದು ಬಗೆಯ ಇಂಗಾಲವನ್ನು ಅಳೆದು.

ಈಗ ಮೆಥೂಸೆಲಾ. ಅದು ಬ್ರಿಸಲ್‌ಕೋನ್ ಪೈನ್ ಅನ್ನೋ ಜಾತಿ. 1957ರಲ್ಲಿ ಎಡ್ಮಂಡ್ ಶುಲ್ಮನ್ ಎಂಬ ವಿಜ್ಞಾನಿ ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿಯಷ್ಟು ಒಳಗಿನಿಂದ ತೆಗೆದು ಎಣಿಸಿದರು. ಮರಕ್ಕೆ ಏನೂ ಆಗುವುದಿಲ್ಲ. ಅದು ಇರುವುದು ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿ, ಸುಮಾರು 3,000 ಮೀಟರ್ ಎತ್ತರದಲ್ಲಿ. ಮಳೆ ನಮ್ಮ ರಾಯಚೂರಿಗಿಂತಲೂ ಕಡಿಮೆ. ಬಿಳಿ ಸುಣ್ಣಗಲ್ಲಿನಂಥ ನೆಲ, ಹುಲ್ಲು ಕೂಡ ಸರಿಯಾಗಿ ಬೆಳೆಯಲ್ಲ. ಹಾಗಾಗಿ ಬೆಂಕಿ ಬಿದ್ದರೂ ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಬೆಳವಣಿಗೆ ಎಷ್ಟು ನಿಧಾನ ಅಂದರೆ ನೂರು ವರ್ಷಕ್ಕೆ ಒಂದು ಇಂಚು ದಪ್ಪ ಆಗುವುದೂ ಕಷ್ಟ. ಅಂಥ ಕಟ್ಟಿಗೆ ಕಲ್ಲಿನಂತೆ ಗಟ್ಟಿ, ಮೇಲೆ ಅಂಟು ಬೇರೆ. ಹುಳ ಹತ್ತಲ್ಲ, ಕೊಳೆಯಲ್ಲ. ಹಳೆ ಮರಗಳಲ್ಲಿ ಮುಕ್ಕಾಲು ಭಾಗ ಸತ್ತೇ ಇರುತ್ತದೆ. ಒಂದು ಪಟ್ಟಿ ತೊಗಟೆ ಮಾತ್ರ ಬದುಕಿದ್ದು ಒಂದೆರಡು ಕೊಂಬೆಗೆ ನೀರು ಕೊಡುತ್ತಿರುತ್ತದೆ. ಮೆಥೂಸೆಲಾ ಯಾವುದು ಅಂತ ಅರಣ್ಯದವರು ಗುಟ್ಟಾಗಿ ಇಟ್ಟಿದ್ದಾರೆ. ಗೊತ್ತಾದರೆ ಜನ ಚಕ್ಕೆ ಎಬ್ಬಿಸಿಕೊಂಡು ಹೋಗುತ್ತಾರೆ ಅನ್ನೋ ಭಯ.

ಆ ಭಯಕ್ಕೆ ಕಾರಣವೂ ಇದೆ. ಅದೇ ಜಾತಿಯ ಪ್ರೊಮಿಥಿಯಸ್ ಅನ್ನೋ ಮರವನ್ನು 1964ರಲ್ಲಿ ನೆವಾಡಾದಲ್ಲಿ ಕಡಿದರು. ಡೊನಾಲ್ಡ್ ಕರಿ ಎಂಬ ವಿದ್ಯಾರ್ಥಿ ಸಂಶೋಧನೆಗಾಗಿ ಅನುಮತಿ ಪಡೆದೇ ಕಡಿಸಿದ್ದ. ಕಡಿದ ಮೇಲೆ ಎಣಿಸಿದಾಗ ಗೊತ್ತಾಯಿತು, ಅಷ್ಟು ಹಳೆಯ ಮರ ಆಗ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೆರೆಗಳು 4,862.

ಕಲ್ಲು ಯಾಕೆ ಬೇಡ, ಮರ ಯಾಕೆ ಬೇಕು ಅಂತ ಕೇಳಿದ್ದೀರಿ. ನಮ್ಮೂರಿನ ಅಶೋಕನ ಶಾಸನ 1915ರಲ್ಲಿ ಸಿಕ್ಕಿತು, ಅವನ ಹೆಸರನ್ನೇ ಬರೆದ ಶಾಸನ. ಅದನ್ನು ಕೆತ್ತುವಾಗ ಮೆಥೂಸೆಲಾಕ್ಕೆ ಆಗಲೇ ಎರಡೂವರೆ ಸಾವಿರ ವರ್ಷ ದಾಟಿತ್ತು. ಅದೇ ಅಶೋಕನ ಮಗಳು ಸಂಘಮಿತ್ರೆ ಒಯ್ದ ಬೋಧಿವೃಕ್ಷದ ಕೊಂಬೆ ಅಂತ ಹೇಳುವ ಅರಳಿ ಮರ ಶ್ರೀಲಂಕಾದ ಅನುರಾಧಪುರದಲ್ಲಿದೆ. ಸುತ್ತ ಚಿನ್ನದ ಬಣ್ಣದ ಬೇಲಿ, ಕೊಂಬೆಗಳಿಗೆ ಚಿನ್ನದ ಬಣ್ಣದ ಊರುಗೋಲು. ನಾನು ಶಾಸನದ ಮುಂದೆ ಸಾವಿರ ಸಲ ನಿಂತಿದ್ದೇನೆ, ಅಕ್ಷರ ಮೊದಲಿಗಿಂತ ಸವೆದಂತೆ ಕಾಣುತ್ತದೆ. ಆ ಮರ ಈ ವರ್ಷವೂ ಹೊಸ ಎಲೆ ಬಿಟ್ಟಿರುತ್ತದೆ. ನನಗೆ ಹೊಳೆದದ್ದು ಇಷ್ಟು.

ಅಂದ ಹಾಗೆ ಒಂದು ಮಾತು. ದಿಮ್ಮಿ ಕೊಯ್ಯುವಾಗ ಒಳಗೆ ಏನಾದರೂ ಸಿಕ್ಕಿದೆಯಾ? ಮೊಳೆ, ತಂತಿ, ಸರಪಳಿ? ಇದ್ದರೆ ಹೇಳಿ, ಉಪಯೋಗ ಇದೆ.

ಗಂಗಾವತಿ ಗೌರಿ

ಮೇಷ್ಟ್ರು ಚೆನ್ನಾಗಿ ಹೇಳಿದರು. ಆದರೆ ಸಿದ್ದಣ್ಣ, ನನ್ನದೊಂದು ತಕರಾರು ಇದೆ. ಮುನ್ನೂರು, ಐನೂರು, ಸಾವಿರ ಅಂತ ಹಿಂಗೆ ಬೆನ್ನು ಹತ್ತೋದು ನನಗೆ ಸರಿ ಕಾಣಲ್ಲ.

ಹಂಪಿ ವಿಠ್ಠಲ ಗುಡಿ ಅಂಗಳದಲ್ಲಿ ಒಂದು ದೇವಕಣಗಿಲೆ ಮರ ಇದೆ. ಬುಡ ಎಲ್ಲಾ ಗಂಟು ಗಂಟು, ಎಲೆ ಉದುರಿದಾಗ ಬೋಳು ಕೈ ಚಾಚಿದಂತೆ. ಕಲ್ಲಿನ ರಥಕ್ಕಿಂತ ಅದರ ಮುಂದೆ ಫೋಟೋ ಜಾಸ್ತಿ. ನಾನು ನಿಂತಿದ್ದಾಗ ಯಾರೋ ಒಬ್ಬರು ಮಕ್ಕಳಿಗೆ "ಇದು ಕೃಷ್ಣದೇವರಾಯ ನೆಟ್ಟಿದ್ದು" ಅಂತ ಧೈರ್ಯವಾಗಿ ಹೇಳುತ್ತಿದ್ದರು. ದೇವಕಣಗಿಲೆಯ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಕಡೆ. ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ ಹೂವು ಅದು. ರಾಯರು ಅದರ ವಾಸನೆ ನೋಡಿರೋದೂ ಅನುಮಾನ. ಮರ ಮಾತ್ರ ಅಷ್ಟೇ ಚೆಂದ. ವಯಸ್ಸಿನ ಸುಳ್ಳು ಯಾಕೆ ಬೇಕು?

ಅಂತ ನಾನು ಮೊದಲು ಅಂದುಕೊಂಡಿದ್ದೆ. ಆಮೇಲೆ ನಮ್ಮ ಓಣಿಯಲ್ಲೇ ಬೇರೆ ಕಂಡೆ. ನಮ್ಮಲ್ಲಿ ಎರಡು ಬೇವಿನ ಮರ ಇದ್ದವು, ಎದುರುಬದುರು. ಒಂದಕ್ಕೆ ನಮ್ಮ ಅಜ್ಜಿ ಯಾವಾಗಲೋ ಅರಿಶಿನ ಕುಂಕುಮ ಹಚ್ಚಿ, ಬುಡಕ್ಕೆ ಒಂದು ಕಲ್ಲು ನಿಲ್ಲಿಸಿದ್ದಳು. ಇನ್ನೊಂದಕ್ಕೆ ಏನೂ ಇರಲಿಲ್ಲ. ಚರಂಡಿ ಕೆಲಸಕ್ಕೆ ಬಂದವರು ಏನೂ ಇಲ್ಲದ್ದನ್ನು ಒಂದೇ ಬೆಳಿಗ್ಗೆಯಲ್ಲಿ ಉರುಳಿಸಿದರು. ಕುಂಕುಮದ ಮರದ ಹತ್ತಿರ ಬಂದಾಗ ಅಜ್ಜಿ ಕಟ್ಟೆ ಮೇಲೆ ಕೂತು "ಇದು ಐನೂರು ವರ್ಷದ್ದು, ಮುಟ್ಟಿದರೆ ಮನೆ ಉಳಿಯಲ್ಲ ನೋಡು" ಅಂದಳು. ಚರಂಡಿ ಸುತ್ತಿ ಹೋಯಿತು. ಆ ಮರ ಅಜ್ಜಿ ಮದುವೆಯಾಗಿ ಬಂದ ಮೇಲೆ ನೆಟ್ಟದ್ದು! ಅವಳೇ ನೆಟ್ಟದ್ದು!

ಮರ ಕಡಿಯಲು ಅನುಮತಿ ಬೇಕು ಅನ್ನೋ ಕಾಯ್ದೆ ಕರ್ನಾಟಕದಲ್ಲಿ 1976ರಿಂದ ಇದೆ. ಆದರೂ ನಮ್ಮ ಓಣಿಯಲ್ಲಿ ಕೆಲಸ ಮಾಡಿದ್ದು ಅಜ್ಜಿಯ ಸುಳ್ಳು. ಹಾಗಾಗಿ ಮುನ್ನೂರು ಅಂದ ಆ ಲಾರಿ ಹುಡುಗನಿಗೆ ನಾನು ಬೈಯಲ್ಲ. ಸ್ವಲ್ಪ ಮೊದಲೇ, ಕಡಿಯುವವರ ಮುಂದೆ ಹೇಳಬೇಕಿತ್ತು ಅಷ್ಟೇ.

ಸಾಮಿಲ್ ಸಿದ್ದಣ್ಣ, ಬಳ್ಳಾರಿ

ಅಕ್ಕಾರ, ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಮೇಷ್ಟ್ರೇ, ಆ ಪ್ರೊಮಿಥಿಯಸ್ ಸಂಗತಿ ಓದಿ ಸುಮ್ನೆ ಕೂತುಬಿಟ್ಟೆ. ನೀವು ಅದನ್ನು ಪಾಠದ ತರಹ ಹೇಳಿದಿರಿ, ನಾನು ಗರಗಸ ಹಿಡಿದವನ ಕಡೆಯಿಂದ ಓದಿದೆ. ಕಡಿಯುವಾಗ ಯಾವ ಮರವೂ ವಯಸ್ಸು ಹೇಳಲ್ಲ. ಪುಡಿ ಬೀಳುತ್ತದೆ, ವಾಸನೆ ಬರುತ್ತದೆ, ಬ್ಲೇಡ್ ಬಿಸಿಯಾಗುತ್ತದೆ, ಅಷ್ಟೇ. ಆ ಹುಡುಗ ರಾತ್ರಿ ಕೂತು ಎಣಿಸುತ್ತಾ ನಾಲ್ಕು ಸಾವಿರ ದಾಟಿದಾಗ ಅವನಿಗೆ ಏನಾಗಿರಬೇಡ! ನಾನಾಗಿದ್ದರೆ ಎಣಿಸುವುದನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ನೀವು ಕೇಳಿದ್ದು ಸಿಕ್ಕಿದೆ! ನಿನ್ನೆಯೇ ಸಿಕ್ಕಿತು, ನಾನು ಅದನ್ನು ನಷ್ಟ ಅಂತ ಬರೆದುಕೊಂಡಿದ್ದೆ. ದಿಮ್ಮಿ ದಪ್ಪ ಇದ್ದದ್ದರಿಂದ ಚೈನ್ ಸಾದಲ್ಲಿ ಉದ್ದಕ್ಕೆ ಸೀಳಿ ಆಮೇಲೆ ಬ್ಯಾಂಡ್ ಸಾಗೆ ಏರಿಸಿದ್ದೆವು. ಮೂರು ಹಲಗೆ ಬಿದ್ದವು. ನಾಲ್ಕನೆಯದರಲ್ಲಿ ಕಿರ್ರ್ ಅಂತ ಶಬ್ದ, ಕಿಡಿ, ಬ್ಲೇಡಿನ ಹನ್ನೊಂದು ಹಲ್ಲು ಹೋದವು. ಉಳಿಯಲ್ಲಿ ಕೆತ್ತಿ ನೋಡಿದರೆ ಮೊಳೆ. ಈಗಿನ ಅಂಗಡಿ ಮೊಳೆ ಅಲ್ಲ, ಕಮ್ಮಾರ ಬಡಿದ ಚೌಕ ಮೊಳೆ, ನಾಲ್ಕು ಇಂಚಿನದು. ತಲೆ ಸವೆದು ಹೆಸರುಕಾಳಿನಷ್ಟಾಗಿದೆ. ಅದರ ಸುತ್ತ ಒಂದು ಗೇಣು ಉದ್ದ ಮಸಿ ಚೆಲ್ಲಿದ ಹಾಗೆ ನೀಲಿಗಪ್ಪು. ಆಶ್ಚರ್ಯ ಅಂದರೆ ಹೊರಗೆ ತೊಗಟೆಯ ಮೇಲೆ ಒಂದು ಗುರುತೂ ಇಲ್ಲ. ಮರ ಅದನ್ನು ಪೂರ್ತಿ ನುಂಗಿತ್ತು. ಮೊಳೆಯ ತಲೆಯಿಂದ ತೊಗಟೆಗೆ ಅಳೆದೆ, 9 ಇಂಚು. ಬುಡದಿಂದ ಎತ್ತರ ಸುಮಾರು 6 ಅಡಿ.

ಲಾರಿ ಹುಡುಗನಿಗೆ ಫೋನ್ ಮಾಡಿದೆ. ಅವನು ಊರಲ್ಲಿ ಕೇಳಿ ತಿಳಿಸಿದ. ನಿಜಾಮನ ಪರ ನಿಂತಿದ್ದ ರಜಾಕಾರರ ಗಲಾಟೆ ಕಾಲದಲ್ಲಿ, ಅಂದರೆ 1948ರ ಸುಮಾರಿಗೆ, ನದಿ ಆಚೆಯ ರಾಯಚೂರು ಕಡೆಯಿಂದ ಜನ ತುಂಗಭದ್ರೆ ದಾಟಿ ಬಂದು ಆ ಮರದ ಕೆಳಗೆ ಬಿಡಾರ ಹೂಡಿದ್ದರಂತೆ. ಆಗ ರಾಯಚೂರು, ಕೊಪ್ಪಳ ನಿಜಾಮನ ಕಡೆ, ನಮ್ಮ ಬಳ್ಳಾರಿ ಮದರಾಸಿನ ಕಡೆ. ರಾತ್ರಿ ಕಂದೀಲು ತೂಗುಹಾಕಲು ಮರಕ್ಕೆ ಮೊಳೆ ಹೊಡೆದಿದ್ದರು ಅಂತ ಒಬ್ಬ ಅವ್ವ ಈಗಲೂ ಹೇಳುತ್ತಾಳಂತೆ. ಆಗ ಅವಳು ಏಳೆಂಟು ವರ್ಷದ ಹುಡುಗಿ.

ಮೈ ಜುಂ ಅಂತು ನೋಡಿ. ಮೊಳೆ ಈಗ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.

ಹಟ್ಟಿ ಹುಡುಗ

ಇದು ಓದಿ ನಮ್ಮ ಹಟ್ಟಿ ನೆನಪಾಯಿತು. ಚಿನ್ನದ ಗಣಿಯಲ್ಲಿ ಹಿಂದಿನವರು ತೋಡಿದ ಹಳೇ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷೆ ಮಾಡಿದಾಗ ಸುಮಾರು ಎರಡು ಸಾವಿರ ವರ್ಷ ಅಂತ ಬಂದಿತ್ತು. ಅಂದರೆ ಯಾರೋ ಗರಗಸ ಇಲ್ಲದ ಸಿದ್ದಣ್ಣ ಆಗಲೂ ಇಲ್ಲೇ ಮರ ಕಡಿದಿದ್ದ. ಯಾವ ಮರವೋ ಏನೋ. ಸುಮ್ನೆ ಹೇಳಿದೆ.

ಮಸ್ಕಿ ಮೇಷ್ಟ್ರು

ಹುಡುಗ ಹೇಳಿದ್ದು ಸುಮ್ನೆ ಮಾತಲ್ಲ. ಅಂಥ ಕಾರ್ಬನ್ ಪರೀಕ್ಷೆಯ ಲೆಕ್ಕದಲ್ಲಿ ಮೊದಮೊದಲು ತಪ್ಪು ಬರುತ್ತಿತ್ತು. 1960ರ ದಶಕದಲ್ಲಿ ಅದನ್ನು ತಿದ್ದಿದ್ದು ಇದೇ ಬ್ರಿಸಲ್‌ಕೋನ್ ಮರಗಳ ಗೆರೆಯಿಂದ. ಒಂದೊಂದೂ ಯಾವ ವರ್ಷದ ಗೆರೆ ಅಂತ ಗೊತ್ತಿತ್ತಲ್ಲ, ಅದನ್ನು ಪರೀಕ್ಷೆಗೆ ಹಾಕಿ ಹೋಲಿಸಿ ನೋಡಿದರು. ನಿಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಜನ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ದನ ಸಾಕಿಕೊಂಡು ಇದ್ದರು ಅಂತ ಹೇಳುತ್ತೇವಲ್ಲ, ಹಾಗೆ ತಿದ್ದಿದ ಲೆಕ್ಕದಿಂದಲೇ ಅದು ಗೊತ್ತಾಗೋದು. ಅಮೆರಿಕದ ಗುಡ್ಡದ ಮೇಲಿನ ಒಣಕಲು ಮರಕ್ಕೂ ಬಳ್ಳಾರಿಗೂ ಇಷ್ಟು ನಂಟು.

ಈಗ ನಿಮ್ಮ ಮೊಳೆಗೆ ಬರೋಣ. ಮರಕ್ಕೆ ಹೊಡೆದ ಮೊಳೆ ಮೇಲೆ ಹೋಗುವುದಿಲ್ಲ. ಮರ ಎತ್ತರ ಆಗೋದು ತುದಿಯಲ್ಲಿ, ಕಾಂಡ ದಪ್ಪ ಆಗುತ್ತದೆ ಅಷ್ಟೇ. ಆರಡಿ ಎತ್ತರದಲ್ಲಿ ಹೊಡೆದದ್ದು ಆರಡಿಯಲ್ಲೇ ಇರುತ್ತದೆ. ಕಂದೀಲು ತೂಗುಹಾಕಲು ಸರಿಯಾದ ಎತ್ತರ, ಕೈ ಎತ್ತಿದರೆ ಸಿಗುತ್ತದೆ. ನೀಲಿಗಪ್ಪು ಬಣ್ಣ ಬಂದದ್ದು ಕಟ್ಟಿಗೆಯಲ್ಲಿನ ಒಗರು ಕಬ್ಬಿಣಕ್ಕೆ ಸೇರಿ. ಹಿಂದೆ ಬರೆಯುವ ಮಸಿಯನ್ನೂ ಹೀಗೇ ಮಾಡುತ್ತಿದ್ದರು.

1948 ಅಂತ ಇಟ್ಟುಕೊಂಡರೆ 77 ವರ್ಷದಲ್ಲಿ 9 ಇಂಚು. ವರ್ಷಕ್ಕೆ ಹತ್ತಿರ ಹತ್ತಿರ 3 ಮಿಲಿಮೀಟರ್. ಸುತ್ತಳತೆ 13.5 ಅಡಿ ಅಂದರೆ ನಡುವಿನಿಂದ ತೊಗಟೆಗೆ ಸುಮಾರು 26 ಇಂಚು. ಇದೇ ವೇಗ ಅಂದರೆ 220 ವರ್ಷ. ಆದರೆ ಎಳೆ ಮರ ಬೇಗ ದಪ್ಪ ಆಗುತ್ತದೆ, ಹಾಗಾಗಿ ಕಡಿಮೆ ಮಾಡಬೇಕು. ನಾನು ಕೇಳಿದರೆ 150ರಿಂದ 200ರ ನಡುವೆ ಅನ್ನುತ್ತೇನೆ. ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ದತ್ತ ಮಂಡಲದ, ಅಂದರೆ ನಿಮ್ಮ ಬಳ್ಳಾರಿ ಸೇರಿದ್ದ ಸೀಮೆಯ, ಕಲೆಕ್ಟರ್ ಆಗಿದ್ದು 1800ರಿಂದ 1807ರವರೆಗೆ. ನಿಮ್ಮ ಗಿಡ ಹುಟ್ಟಿದ್ದು ಬಹುಶಃ ಅವನು ಹೋದ ಮೇಲೆ. ಇದೆಲ್ಲಾ ಆ ಮೊಳೆ ಅದೇ ಮೊಳೆ ಆಗಿದ್ದರೆ ಮಾತ್ರ.

ಬುಲೆಟ್ ಬಸವ, ಬಳ್ಳಾರಿ

ಹಳೆ ಮರ ಜೀವಂತ ನೋಡಬೇಕು ಅನ್ನುವವರು ಅಮೆರಿಕಕ್ಕೆ ಹೋಗೋದು ಬೇಡ. ಬಳ್ಳಾರಿಯಿಂದ ಅನಂತಪುರ, ಅಲ್ಲಿಂದ ಕದಿರಿ. ಆಚೆ ತಿಮ್ಮಮ್ಮ ಮರ್ರಿಮಾನು ಅಂತ ಆಲದ ಮರ. 1989ರಲ್ಲಿ ಗಿನ್ನೆಸ್‌ನಲ್ಲಿ ಹೆಸರು ಬಂದದ್ದು. ಐದು ಎಕರೆ ಹತ್ತಿರ ಹರಡಿದೆ. ಒಳಗೆ ನಡೆಯುತ್ತಾ ಹೋದರೆ ಯಾವುದು ಮೂಲ ಬುಡ ಅಂತ ಗೊತ್ತೇ ಆಗಲ್ಲ. ನಾನು ಬೈಕ್ ಎಲ್ಲಿ ನಿಲ್ಲಿಸಿದೆ ಅಂತ ಹುಡುಕಲು ಹತ್ತು ನಿಮಿಷ ಬೇಕಾಯಿತು. ನೀರಿನ ಬಾಟಲಿ ಒಯ್ಯಿರಿ. ಮಂಗಗಳಿಗೆ ತೋರಿಸಬೇಡಿ.

ಸಾಮಿಲ್ ಸಿದ್ದಣ್ಣ, ಬಳ್ಳಾರಿ

ಎಲ್ಲರಿಗೂ ಥ್ಯಾಂಕ್ಸ್. ಮುಂದೆ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ.

ಭಾನುವಾರ ಸಾಮಿಲ್ ರಜೆ. ಮೊಳೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆ ಊರಿಗೇ ಹೋದೆ. ಮರ ಇದ್ದ ಜಾಗದಲ್ಲಿ ಜಲ್ಲಿ ಹಾಕಿ ರೋಲರ್ ಓಡಿಸಿದ್ದಾರೆ, ಎಲ್ಲಿತ್ತು ಅಂತ ಹುಡುಗನೇ ತೋರಿಸಬೇಕಾಯಿತು. ಅವ್ವ ಮನೆ ಮುಂದಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕಿವಿ ಮಂದ, ಕಣ್ಣು ಚುರುಕು. ಮೊಳೆ ಕೈಗೆ ಕೊಟ್ಟೆ. ತಿರುಗಿಸಿ ನೋಡಿದಳು, ಬೆರಳಲ್ಲಿ ಉಜ್ಜಿದಳು, ಮೂಗಿಗೂ ಹಿಡಿದಳು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಇದಲ್ಲ ಬಿಡಪಾ" ಅಂದಳು.

ಅವರದು ಮೊಳೆ ಅಲ್ಲವಂತೆ, ಕೊಂಡಿಯಂತೆ, ಹೆಬ್ಬೆರಳಿನಷ್ಟು ದಪ್ಪ. "ಕೆಳಗ ಹೊಡದ್ರ ಹುಡುಗ್ರು ಕಂದೀಲು ಕಿತ್ಗೊಂಡು ಆಡ್ತಿದ್ವು. ಅದಕ್ಕ ಏಣಿ ಹಾಕಿ ಮ್ಯಾಲ, ಎರಡು ಕೊಂಬಿ ಕೂಡೋ ಬುಡಕ್ಕ ಹೊಡದಿದ್ರು ನಮ್ಮಪ್ಪ. ಹಗ್ಗ ಕಟ್ಟಿ ಏರಿಸೋದು, ಇಳಿಸೋದು." ಹಾಗಾದರೆ ಈ ಮೊಳೆ ಯಾರದು ಅಂತ ಜೋರಾಗಿ ಕೇಳಿದೆ. ಅವಳು ಶೇಂಗಾ ಸಿಪ್ಪೆ ಊದುತ್ತಾ, "ಯಾರದೋ. ಗಿಡ ಅಂದ ಮ್ಯಾಲ ಯಾರ್ಯಾರೋ ಹೊಡೀತಾರ" ಅಂದಳು. ಒಂದು ಹಿಡಿ ಶೇಂಗಾ ಕೊಟ್ಟು ಕಳಿಸಿದಳು.

ಮೇಷ್ಟ್ರೇ, ನಿಮ್ಮ ಲೆಕ್ಕ ಹೋಯಿತು. ಮೊಳೆ ಅದಕ್ಕಿಂತ ಹಳೆಯದೂ ಇರಬಹುದು, ಹೊಸದೂ ಇರಬಹುದು.

ಬೈಕಿನಲ್ಲಿ ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಎರಡು ಕೊಂಬೆ ಕೂಡುವ ಭಾಗ ನನ್ನ ಹತ್ತಿರ ಇಲ್ಲ. ಅದನ್ನು ಅಡ್ಡಕ್ಕೆ ಕೊಯ್ದು ಆರು ತುಂಡು ಮಾಡಿ, ದಿಮ್ಮಿ ಬಂದ ವಾರವೇ ಮಾರಿಬಿಟ್ಟೆ. ಹುಣಸೆ ಅಂದರೆ ಮಟನ್ ಅಂಗಡಿಯವರಿಗೆ ಪ್ರಾಣ, ಎಷ್ಟು ಕೊಚ್ಚಿದರೂ ಚೂರು ಏಳುವುದಿಲ್ಲ ಅಂತ. ನಾಲ್ಕು ಬಳ್ಳಾರಿಯಲ್ಲೇ ಹೋದವು, ಒಂದು ಸಿಂಧನೂರಿಗೆ, ಒಂದು ಕಂಪ್ಲಿಗೆ. ಆರೂ ಜನಕ್ಕೆ ಫೋನ್ ಮಾಡಿ ಹೇಳಿಟ್ಟಿದ್ದೇನೆ, ಮಚ್ಚಿಗೆ ಕಬ್ಬಿಣ ತಾಗಿದ ದಿನ ಬೈಯುವ ಮೊದಲು ಮೇಲಿನಿಂದ ಎಷ್ಟು ಇಂಚು, ಅಂಚಿನಿಂದ ಎಷ್ಟು ಇಂಚು ಅಂತ ಅಳೆದು ಬರೆದುಕೊಳ್ಳಿ ಅಂತ. ಕಂಪ್ಲಿಯವನು "ಅಣ್ಣಾ, ಕುಡಿದೀಯಾ?" ಅಂತ ಕೇಳಿದ.